ನಲವತ್ತೆರಡು ದಿನಗಳ ಮೂಕಪಾತ್ರ

ಜೂನ್ 2

ಸೂಜಿರಾಣಿಗೆ,

ಊರಿನ ಮಕ್ಕಳಿಗೆಲ್ಲ ಇಂಜೆಕ್ಷನ್ ಚುಚ್ಚುವ ಕೆಲಸ ಹಿಡಿದ ಮಗಳನ್ನು ಅಪ್ಪ ಇನ್ನೇನೆಂದು ಕರೆಯಬೇಕು, ನೀನೇ ಹೇಳು.

ಪರದೆ ಮೇಲೇರಿತು. ರಂಗದ ಮಧ್ಯೆ ಒಂದು ಮಂಚ. ಮಂಚದ ಮೇಲೆ ನಿನ್ನ ಅಪ್ಪ. ಕೊರಳಿಗೆ ಮಫ್ಲರು, ಕೈಯಲ್ಲಿ ಸ್ಲೇಟು, ಮುಖದಲ್ಲಿ ಪದಚ್ಯುತ ರಾಜನ ಕಳೆ. ಮಾತಿಲ್ಲ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಖಳನಾಯಕನಾಗಿ ಕೊನೆಯ ಸಾಲಿನ ಕೊನೆಯ ಕುರ್ಚಿಯನ್ನು ನಡುಗಿಸಿದ ಗಂಟಲು, ಕಂಪನಿ ಮುಚ್ಚಿದ ಮೇಲೆ ಹನ್ನೊಂದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ 'ಪ್ರಯಾಣಿಕರ ಗಮನಕ್ಕೆ' ಎಂದು ಗುಡುಗಿ ಬೆಂಚಿನ ಮೇಲೆ ಮಲಗಿದವರನ್ನೆಲ್ಲ ಎದ್ದು ಕೂರಿಸಿದ ಗಂಟಲು, ನಿನ್ನೆಯಿಂದ ಬಾಗಿಲು ಹಾಕಿಕೊಂಡು ಕೂತಿದೆ.

ನಿನಗೆ ಗೊತ್ತಿರುವ ಕಥೆಯೇ. ಆದರೆ ನಿನ್ನ ಅಮ್ಮ ಹೇಳಿದ ಕಥೆಯಲ್ಲಿ ರಸ ಇರುವುದಿಲ್ಲ, ಹಾಗಾಗಿ ನನ್ನ ಕೈಯಿಂದ ಕೇಳು. ಹೋದ ತಿಂಗಳು ಡಾಕ್ಟರಮ್ಮ ನನ್ನ ಧ್ವನಿತಂತುವಿನ ಮೇಲಿದ್ದ ಗಂಟನ್ನು ತೆಗೆದರು. ಗಂಟಿನ ಚೂರು ಪರೀಕ್ಷೆಗೆ ಹೋಗಿ 'ನಿರಪಾಯ' ಎಂಬ ಪ್ರಶಸ್ತಿಪತ್ರದೊಂದಿಗೆ ವಾಪಸು ಬಂತು. ಹತ್ತು ದಿನ ಮಾತಾಡಬೇಡಿ ಎಂದಿದ್ದರು. ಮೂರನೆಯ ದಿನ ಪಕ್ಕದ ಮಂಚದವನು, ನೀವು ನಾಟಕದಲ್ಲಿದ್ದಿರಂತೆ, ಹೌದೇ, ಎಂದು ಕೇಳಿದ. ಕೇಳಬಾರದಿತ್ತು. ವಿಷದ ಬಟ್ಟಲು ಹಿಡಿದ ಮಂತ್ರಿಯ ಒಂದೂವರೆ ಪುಟದ ಮಾತನ್ನು ಮಂಚದ ಮೇಲೆ ಎದ್ದು ನಿಂತು ಹೇಳಿದೆ. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಗಾಯ ಬಿರಿಯಿತು.

ನಿನ್ನೆ ಎರಡನೇ ಸಲ ಆಪರೇಷನ್ನು. ಈ ಬಾರಿ ಡಾಕ್ಟರಮ್ಮ ನನ್ನನ್ನು ನೋಡಲೇ ಇಲ್ಲ, ನಿನ್ನ ಅಮ್ಮನನ್ನು ನೋಡಿ ಹೇಳಿದರು. ನಲವತ್ತೆರಡು ದಿನ. ಮಾತಿಲ್ಲ, ಕೆಮ್ಮಿದರೂ ಮೆಲ್ಲಗೆ, ಪಿಸುಮಾತಂತೂ ಕೂಡದೇ ಕೂಡದು, ಅದು ಕೂಗಿಗಿಂತ ಕೆಟ್ಟದ್ದು. ಮೀರಿದರೆ ಈ ಧ್ವನಿ ವಾಪಸು ಬರುವುದಿಲ್ಲ, ಮೂರನೇ ಸಲ ನನ್ನ ಹತ್ತಿರ ಬರಬೇಡಿ. ಅದಕ್ಕೆ ನಿನ್ನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇನ್ನೂ ಸ್ವಲ್ಪ ಜಾಸ್ತಿ ಮಾಡೋಕೆ ಬರಲ್ವಾ?"

ನಿಲ್ದಾಣದ ಮ್ಯಾನೇಜರು ಜುಲೈ ಮುಗಿಯುವ ತನಕ ನನ್ನ ಕುರ್ಚಿ ಖಾಲಿ ಇಡುತ್ತಾರಂತೆ. ಅಲ್ಲಿಯತನಕ ಒಂದು ಧ್ವನಿಮುದ್ರಿತ ಹುಡುಗಿ ಬಸ್ಸುಗಳನ್ನು ಕೂಗುತ್ತಿದ್ದಾಳೆ. ಕಿಟಕಿ ತೆಗೆದರೆ ಇಲ್ಲಿಗೇ ಕೇಳುತ್ತದೆ. ಸೂಜಿ, ಅವಳು ಉಸಿರೇ ತೆಗೆದುಕೊಳ್ಳುವುದಿಲ್ಲ. ಅಂಥವಳನ್ನು ನಂಬಿ ಜನ ಬಸ್ಸು ಹತ್ತುವುದಾದರೂ ಹೇಗೆ? ನನ್ನ ಗಂಟಲು ಹೋದರೆ ಆ ಕುರ್ಚಿ ಅವಳದ್ದೇ.

ಮೊಬೈಲಿನಲ್ಲಿ ಬರೆಯಿರಿ ಎನ್ನಬೇಡ. ನನ್ನ ಹೆಬ್ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಏಳುತ್ತವೆ. ಕಾಗದವೇ ಸರಿ, ಇಲ್ಲಿ ಕೈಬೀಸಿ ನಡೆಯಲು ಜಾಗವಿದೆ.

ಕೊನೆಯದಾಗಿ ಒಂದು ದೂರು. ಕರೆಯಲಿಕ್ಕೆಂದು ಹಳೆಯ ಸೈಕಲ್ಲಿನ ಬೆಲ್ಲನ್ನು ಮಂಚಕ್ಕೆ ಕಟ್ಟಿಕೊಂಡಿದ್ದೇನೆ. ನಿನ್ನ ಅಮ್ಮ ಕಿಟಕಿಯ ಬಳಿ ಕೂತು ವಾಚನಾಲಯದ ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಿರುತ್ತಾಳೆ. ನಾನು ಟ್ರಿಣ್ ಎನ್ನಿಸುತ್ತೇನೆ. ಅವಳು ತಿರುಗುವುದಿಲ್ಲ. ಮತ್ತೆ ಟ್ರಿಣ್ ಟ್ರಿಣ್. ಸೂಜಿಗೆ ದಾರ ಪೋಣಿಸುತ್ತಾಳೆ. ಕೊನೆಗೆ ದಿಂಬು ಎಸೆಯಬೇಕು. ಮೂವತ್ತನಾಲ್ಕು ವರ್ಷದ ಸೇಡನ್ನು ನಲವತ್ತೆರಡು ದಿನದಲ್ಲಿ ತೀರಿಸುವ ಸಂಚು ಇದು, ನನಗೆ ಗೊತ್ತು.

ಮಾತು ಕಳೆದುಕೊಂಡ,
ನಿನ್ನ ಅಪ್ಪ


ಜೂನ್ 8

ಅಪ್ಪ,

ಪತ್ರ ಬಂತು. ಓದುವಾಗಲೂ ನಿಮ್ಮ ಧ್ವನಿಯೇ ಕೇಳಿಸಿತು, ಪಕ್ಕದ ಮೇಜಿನವಳು ಏನದು ಸದ್ದು ಎಂದು ತಿರುಗಿ ನೋಡಿದಳು.

ಡಾಕ್ಟರು ಹೇಳಿದ್ದು ಸರಿ. ನಲವತ್ತೆರಡು ಎಂದರೆ ನಲವತ್ತೆರಡು. ನಲವತ್ತೊಂದೂವರೆ ಅಲ್ಲ.

ಇಲ್ಲಿ ದಡಾರ ಮತ್ತೆ ಬಂದಿದೆ, ನಿಮ್ಮ ಪೇಪರಿನಲ್ಲೂ ಓದಿರುತ್ತೀರಿ. ಬೆಳಿಗ್ಗೆ ಏಳಕ್ಕೆ ಐಸ್ ಪ್ಯಾಕ್ ತುಂಬಿದ ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊರಟರೆ ಮನೆ ಸೇರುವುದು ಸಂಜೆ. ದಡಾರ ಬಂದ ಮಗು ಒಂದು ಕೋಣೆಯಲ್ಲಿ ಕೆಮ್ಮಿ ಎದ್ದುಹೋದರೂ ಎರಡು ಗಂಟೆ ಅದು ಆ ಗಾಳಿಯಲ್ಲೇ ಇರುತ್ತದೆ. ಇದನ್ನೇ ಎಂಟು ಸಾಲಿನಲ್ಲಿ ಅಚ್ಚು ಹಾಕಿಸಿ ಹಂಚಿದೆವು. ನಿನ್ನೆ ಅಂಗಡಿಯಲ್ಲಿ ಬ್ರೆಡ್ಡು ಕೊಂಡೆ, ಸುತ್ತಿ ಕೊಟ್ಟದ್ದು ಅದೇ ಕಾಗದದಲ್ಲಿ. ಚುಚ್ಚುವುದು ಸುಲಭದ ಕೆಲಸ ಅಪ್ಪ. ಬಾಗಿಲು ತೆಗೆಸುವುದು ಕಷ್ಟ.

ಬೆಲ್ಲಿನ ವಿಷಯ. ಅದನ್ನು ಮಂಚದಿಂದ ಬಿಚ್ಚಿ ಅಮ್ಮನ ಬಲಗಡೆಗೆ ಬರುವ ಹಾಗೆ ಕಟ್ಟಿಕೊಳ್ಳಿ. ಯಾಕೆ ಎಂದು ಕೇಳಬೇಡಿ. ಇದು ನರ್ಸಿನ ಸಲಹೆ.

ನಿಮ್ಮ,
ಮಗಳು


ಜೂನ್ 14

ಸೂಜಿರಾಣಿಗೆ,

ಬಲಗಡೆಗೂ ಇಲ್ಲ, ಎಡಗಡೆಗೂ ಇಲ್ಲ, ಬೆಲ್ಲು ಇದ್ದಲ್ಲೇ ಇದೆ. ರಂಗಸಜ್ಜಿಕೆಯನ್ನು ನರ್ಸುಗಳು ನಿರ್ಧರಿಸುವ ಕಾಲ ಇನ್ನೂ ಬಂದಿಲ್ಲ.

ಆದರೆ ನಿನ್ನ ಬ್ರೆಡ್ಡಿನ ಕಾಗದದ ಕಥೆ ಎದೆಗೆ ನಾಟಿತು. ಎಂಟು ಸಾಲು ಯಾರು ಓದುತ್ತಾರೆ? ಜನಕ್ಕೆ ಬೇಕಾದದ್ದು ದೃಶ್ಯ. ಹಾಗೆಂದು ತೀರ್ಮಾನಿಸಿ ನಾನೊಂದು ಮಹಾಕಾರ್ಯಕ್ಕೆ ಇಳಿದೆ. ಮುಂದಿನದ್ದನ್ನು ಕೂತು ಓದು.

ನಮ್ಮ ಕಟ್ಟಡದಲ್ಲಿ ಮಕ್ಕಳು ಹತ್ತೊಂಬತ್ತು. ಬುಧವಾರ ಸಂಜೆ ಅವರನ್ನೆಲ್ಲ ಕೈಸನ್ನೆಯಿಂದ ಮೆಟ್ಟಿಲ ಮೇಲೆ ಕೂರಿಸಿದೆ. ನಾನು ಕಪ್ಪು ಹೊದಿಕೆ ಹೊದ್ದು, ಟ್ರಂಕಿನ ತಳದಲ್ಲಿದ್ದ ಕಂಪನಿಯ ಬಣ್ಣದ ಡಬ್ಬಿ ತೆಗೆದು, ಮುಖ, ಕೈ, ಕೊರಳಿಗೆಲ್ಲ ಕೆಂಪು ಚುಕ್ಕೆ ಇಟ್ಟುಕೊಂಡು, ಸಾಕ್ಷಾತ್ ದಡಾರನಾಗಿ ಮಹಡಿಯಿಂದ ಇಳಿದು ಬಂದೆ. ಮೂಕನಾಟಕ. ಲಸಿಕೆಯ ಪಾತ್ರಕ್ಕೆ ಎರಡನೇ ಮಹಡಿಯ ಬೇಕರಿಯವರ ಹಿರಿಮಗಳು, ಕೈಯಲ್ಲಿ ಹೆಣಿಗೆ ಕಡ್ಡಿ. ಅವಳು ಚುಚ್ಚಿದಳು, ನಾನು ಸತ್ತೆ. ಸಾಯಲು ಹನ್ನೆರಡು ನಿಮಿಷ ತೆಗೆದುಕೊಂಡೆ, ಅಂಥ ಸಾವು ಈ ಮೆಟ್ಟಿಲು ಕಂಡಿಲ್ಲ.

ತಪ್ಪಾದದ್ದು ಅಲ್ಲೇ. ಮೂವತ್ತು ವರ್ಷ ಖಳನ ಪಾತ್ರ ಮಾಡಿದವನಿಗೆ ಜನ ತನ್ನನ್ನೇ ನೋಡುವಂತೆ ಮಾಡುವುದು ರಕ್ತದಲ್ಲೇ ಇದೆ. ಮಾರನೇ ದಿನದ ಹೊತ್ತಿಗೆ ಹತ್ತೊಂಬತ್ತು ಮಕ್ಕಳೂ ದಡಾರನೇ ಆಗಬೇಕೆಂದು ಹಟ ಹಿಡಿದರು. ಲಸಿಕೆ ಆಗಲು ಒಬ್ಬರೂ ಇಲ್ಲ. ಅಂಗಳದ ತುಂಬ ಲಿಪ್‌ಸ್ಟಿಕ್ಕಿನ ಚುಕ್ಕೆಯ ದಡಾರಗಳು ಒಬ್ಬರ ಮೇಲೊಬ್ಬರು ಕೆಮ್ಮಿಕೊಂಡು ಓಡಾಡುತ್ತಿದ್ದವು.

ಇದು ಮೊದಲನೇ ಅಂಕ. ಎರಡನೆಯದರಲ್ಲಿ ಆ ಹಳೇ ಬಣ್ಣ ನನ್ನ ಮುಖ ಬಿಟ್ಟು ಹೋಗಲಿಲ್ಲ. ಸೋಪು ಸೋತಿತು. ಚುಕ್ಕೆ ಸಮೇತ ಹಾಲು ತರಲು ಇಳಿದೆ. ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮಾಸ್ಕು, ಕೈಗವಸು ಹಾಕಿಕೊಂಡ ಇಬ್ಬರು ಆರೋಗ್ಯ ಕೇಂದ್ರದ ಹೆಂಗಸರು. ಯಾರೋ ಫೋನು ಮಾಡಿದ್ದರು. ನಿನ್ನ ಅಮ್ಮ ವಾಚನಾಲಯಕ್ಕೆ ಹೋಗಿದ್ದಳು, ಸ್ಲೇಟು ಎಲ್ಲೋ ಮಂಚದಡಿ ಸೇರಿತ್ತು. ಇದು ಬಣ್ಣ ಎಂದು ಅಭಿನಯಿಸಿ ತೋರಿಸಿದೆ. ಅವರು ಅದನ್ನು ಜ್ವರದ ನಡುಕ ಎಂದು ಬರೆದುಕೊಂಡರು. ಬಾಗಿಲಿಗೆ 'ಒಳಗೆ ಬರಬೇಡಿ' ಎಂಬ ಚೀಟಿ ಅಂಟಿತು. ನಿನ್ನ ಅಮ್ಮ ಬಂದು ಚೀಟಿ ಓದಿ, ಅಡುಗೆಮನೆಯಿಂದ ಎಣ್ಣೆ ತಂದು, ಅವರ ಎದುರಿಗೇ ನನ್ನ ಕೆನ್ನೆ ತಿಕ್ಕಿ ಹತ್ತಿಯನ್ನು ಎತ್ತಿ ತೋರಿಸಿದಳು. ಹತ್ತಿ ಕೆಂಪಗಾಗಿತ್ತು. "ನೋಡಿ, ಇದಕ್ಕೆ ನಿಮ್ಮ ಹತ್ತಿರ ಔಷಧಿ ಇಲ್ಲ. ಮದುವೆಗೆ ಮುಂಚಿನಿಂದಲೂ ಇದೆ," ಎಂದಳು.

ಅವರು ನಗುತ್ತಲೇ ಹೋದರು. ಹೋಗುವಾಗ ಈ ತಿಂಗಳ 29ರ ಭಾನುವಾರ ಹತ್ತು ಗಂಟೆಗೆ ನಮ್ಮ ಕಟ್ಟಡದಲ್ಲೇ ಲಸಿಕೆ ಹಾಕುವುದಾಗಿ ಹೇಳಿದರು. ಹಿಂದಿನ ಬೀದಿಯಲ್ಲಿ ನಾಲ್ಕು ಮಕ್ಕಳಿಗೆ ನಿಜವಾದ ಚುಕ್ಕೆ ಎದ್ದಿದೆಯಂತೆ.

ಎಣ್ಣೆ ಮೆತ್ತಿದ,
ನಿನ್ನ ಅಪ್ಪ


ಜೂನ್ 18

ಅಪ್ಪ,

ನಿಮ್ಮ ಪತ್ರವನ್ನು ಊಟದ ಹೊತ್ತಿನಲ್ಲಿ ಇಡೀ ಆಫೀಸಿಗೆ ಓದಿ ಹೇಳಿದೆ. ನಕ್ಕು ನಕ್ಕು ಒಬ್ಬಳಿಗೆ ಬಿಕ್ಕಳಿಕೆ ಬಂತು. ಆಮೇಲೆ ಎದ್ದು ವಾರ್ಡಿಗೆ ಹೋಗಿ ದಡಾರ ಬಂದ ಹದಿನಾಲ್ಕು ತಿಂಗಳ ಮಗುವೊಂದರ ತಾಯಿಯ ಪಕ್ಕ ಕೂತೆ. ಮೂರು ದಿನದಿಂದ ಆ ಮಗು ಕಣ್ಣು ಬಿಟ್ಟಿರಲಿಲ್ಲ. ಈಗ ಬಿಟ್ಟಿದೆ, ಹಾಲು ಕುಡಿದಿದೆ. ಅದಕ್ಕೇ ಇಂದು ಬರೆಯುತ್ತಿದ್ದೇನೆ, ನಿನ್ನೆ ಆಗುತ್ತಿರಲಿಲ್ಲ.

ಇನ್ನು ಮೇಲೆ ನಾಟಕ ಬೇಡ. 29ಕ್ಕೆ ಆ ಹತ್ತೊಂಬತ್ತೂ ಬರಲಿ, ಅಷ್ಟು ಸಾಕು.

ಬೆಲ್ಲು ಬಲಗಡೆಗೆ ಕಟ್ಟಿದಿರಾ?

ಮಗಳು


ಜೂನ್ 24

ಸೂಜಿರಾಣಿಗೆ,

ಇಂದು ಮೌನದ ಇಪ್ಪತ್ತನಾಲ್ಕನೇ ದಿನ. ಮುರಿಯಲು ನಿರ್ಧರಿಸಿದ್ದೇನೆ. ಕಾರಣ ಕೇಳಿ ಆಮೇಲೆ ಬಯ್ಯಿ.

ನೆಲಮಹಡಿಯ ನಿವೃತ್ತ ಟಿಕೆಟ್ ತಪಾಸಣೆಯವರು ನೆನಪಿರಬೇಕು, ಕಟ್ಟಡದವರೆಲ್ಲ 'ಬಿಸಿಸುದ್ದಿ' ಎಂದು ಕರೆಯುವವರು. ಬೆಳಿಗ್ಗೆ ಅವರ ಮೊಬೈಲಿಗೆ ಏನು ಬರುತ್ತದೋ ಮಧ್ಯಾಹ್ನದೊಳಗೆ ಅದು ನಾಲ್ಕೂ ಮಹಡಿ ಹತ್ತಿರುತ್ತದೆ. ಮನುಷ್ಯ ಕೆಟ್ಟವರಲ್ಲ. ಮೂರು ವರ್ಷದ ಮೊಮ್ಮಗಳನ್ನು ತಾವೇ ಸಾಕುತ್ತಿದ್ದಾರೆ, ಅವಳು ಸೀನಿದರೆ ಇವರ ಜೀವ ಬಾಯಿಗೆ ಬರುತ್ತದೆ. ಆ ಹೆದರಿಕೆಯೇ ಅವರಿಂದ ಹೀಗೆ ಮಾತಾಡಿಸುತ್ತದೆ.

ಈ ಸಲದ ಬಿಸಿಸುದ್ದಿ ನಾನೇ. ಅವರ ತರ್ಕ ಕೇಳು. ನಟರು ಆಸ್ಪತ್ರೆಗೆ ಹೋದರು. ಅಲ್ಲಿ ಇಂಜೆಕ್ಷನ್ ಚುಚ್ಚಿದರು. ಬರುವಾಗ ಮಾತು ನಿಂತಿತ್ತು. ಎರಡು ವಾರಕ್ಕೆ ಮೈತುಂಬ ಕೆಂಪು ಚುಕ್ಕೆ. ಆರೋಗ್ಯ ಕೇಂದ್ರದವರು ಓಡಿ ಬಂದು ಬಾಗಿಲಿಗೆ ಚೀಟಿ ಅಂಟಿಸಿ, ಆಮೇಲೆ ಸದ್ದಿಲ್ಲದೆ ಕಿತ್ತುಕೊಂಡು ಹೋದರು. ಇಷ್ಟೆಲ್ಲ ಯಾತರಿಂದ? ದಡಾರದ ಲಸಿಕೆಯಿಂದ. ಅಷ್ಟು ದೊಡ್ಡ ಗಂಟಲನ್ನೇ ನುಂಗಿದ ಲಸಿಕೆ ನಮ್ಮ ಪಾಪುಗಳನ್ನು ಬಿಡುತ್ತದೆಯೇ?

ಸೂಜಿ, ಒಂದೊಂದು ಇಟ್ಟಿಗೆಯೂ ನಿಜ, ಕಟ್ಟಿದ ಗೋಡೆ ಮಾತ್ರ ಸುಳ್ಳು. ಇಟ್ಟಿಗೆ ಒದಗಿಸಿದವನು ನಾನು.

ಸುಮ್ಮನೆ ಕೂರಲಿಲ್ಲ. ಮೆಟ್ಟಿಲಿನ ಬಳಿ ದೊಡ್ಡ ಅಕ್ಷರದಲ್ಲಿ ಪ್ರಕಟಣೆ ಬರೆದು ಹಚ್ಚಿದೆ, 'ಮಹಾಜನಗಳೇ, ನನ್ನ ಕಂಠಕ್ಕೆ ಒದಗಿದ ದುರ್ಗತಿಗೆ ಲಸಿಕೆಯು ಕಾರಣವಲ್ಲ' ಎಂದು. ಬಿಸಿಸುದ್ದಿಯವರು ಅದನ್ನು ಎರಡು ಸಲ ಓದಿ, ಪಾಪ, ಬಲವಂತವಾಗಿ ಬರೆಸಿದ್ದಾರೆ, ಮನಸ್ಸಿನಿಂದ ಬಂದ ಮಾತು ಹೀಗಿರುತ್ತದೆಯೇ ಎಂದರಂತೆ. ಆಸ್ಪತ್ರೆಯ ಚೀಟಿ ತೋರಿಸಿದೆ. ಡಾಕ್ಟರಮ್ಮನ ಬರಹವನ್ನು ಓದಬಲ್ಲವರು ನಮ್ಮ ಕಟ್ಟಡದಲ್ಲಿ ಇಲ್ಲ. ಒಬ್ಬರು ಅದರಲ್ಲಿ 'ಲಸಿಕೆ' ಎಂದೇ ಬರೆದಿದೆ ಎಂದು ಬೆರಳಿಟ್ಟು ತೋರಿಸಿದರು.

ಬೇಕರಿಯವರ ಹೆಂಡತಿ ನಿನ್ನೆ ಬಂದು ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಈ ಕಡೆ ಒಂದು ಆ ಕಡೆ ಒಂದು ಅವಳಿ ಕೂಸು, ವರ್ಷ ತುಂಬಿ ಮೂರು ತಿಂಗಳು. ನನ್ನನ್ನೇ ನೋಡುತ್ತಾ, "ನೀವೇ ಒಂದು ಮಾತು ಹೇಳಿ ಸರ್. ನಿಮ್ಮ ಬಾಯಿಂದ ಕೇಳಿದ್ರೆ ಹಾಕಿಸ್ತೀನಿ," ಎಂದಳು. ನಾನು ಸ್ಲೇಟು ಎತ್ತಿದೆ. ಅವಳು ಸ್ಲೇಟನ್ನು ನೋಡದೆ ಮೆಟ್ಟಿಲಿಳಿದು ಹೋದಳು.

ಹಾಗಾಗಿ ಭಾನುವಾರ ಹತ್ತು ಗಂಟೆಗೆ, ಎಲ್ಲರೆದುರು, ನಾನು ಮಾತಾಡುತ್ತೇನೆ. ನಾಲ್ಕು ಪುಟ ಬರೆದಿಟ್ಟಿದ್ದೇನೆ. ಗಂಟಲು ಹೋದರೆ ಹೋಗಲಿ, ಬಸ್ಸುಗಳನ್ನು ಆ ಉಸಿರಿಲ್ಲದ ಹುಡುಗಿಯೇ ಕೂಗಿಕೊಳ್ಳಲಿ. ಕೊನೆಯ ಪ್ರವೇಶವಾದರೂ ನಾಯಕನದ್ದಾಗಲಿ. ಜನ್ಮವಿಡೀ ಖಳನೇ ಆಗಿ ಸಾಕಾಗಿದೆ.

ದೃಢಮನಸ್ಕನಾದ,
ನಿನ್ನ ಅಪ್ಪ


ಜೂನ್ 26

ಅಪ್ಪ,

ಮಾತಾಡಬೇಡಿ. ಇದನ್ನು ಮಗಳಾಗಿಯೂ ಬರೆಯುತ್ತಿದ್ದೇನೆ, ನರ್ಸಾಗಿಯೂ. ಇಪ್ಪತ್ತೊಂಬತ್ತನೇ ದಿನ ನೀವು ಬಾಯಿ ತೆರೆದರೆ ಬರುವುದು ಗುಡುಗಲ್ಲ, ಹರಿದ ಬಟ್ಟೆಯ ಸದ್ದು. ಅದನ್ನು ಕೇಳಿದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ. ಬಿಸಿಸುದ್ದಿಯವರ ಗೋಡೆಗೆ ನೀವೇ ಗಾರೆ ಬಳಿದ ಹಾಗೆ.

ಅಮ್ಮ ಹೇಳಲಿ.

ಅವಳು ರಂಗದ ಮೇಲೆ ಒಂದು ದಿನವೂ ಬಂದವಳಲ್ಲ, ಗೊತ್ತು. ಮೂವತ್ತು ವರ್ಷ ಸೈಡ್‌ವಿಂಗ್‌ನಲ್ಲಿ ನಿಂತು ಮರೆತವರಿಗೆಲ್ಲ ಮಾತು ಎತ್ತಿಕೊಟ್ಟ ಪ್ರಾಂಪ್ಟರು. ಅವಳ ಧ್ವನಿ ಪ್ರೇಕ್ಷಕರಿಗೆ ಕೇಳಿಸಿದರೆ ಅದು ಅವಳ ಸೋಲು ಎಂದು ಕಲಿತವಳು. ಆದರೂ ಅವಳೇ ಹೇಳಲಿ. ಹೇಳುವಂಥದ್ದು ಅವಳ ಹತ್ತಿರ ಇದೆ, ನಿಮ್ಮ ಹತ್ತಿರ ಇಲ್ಲ.

ಒಳಗೆ ಮಡಚಿದ ಚೀಟಿ ಅಮ್ಮನಿಗೆ. ನೀವು ಓದಬೇಡಿ.

ಮಗಳು


ಜೂನ್ 30

ಮಗಳೇ,

ಇಂದು ನಿನ್ನನ್ನು ಅಡ್ಡಹೆಸರಿನಿಂದ ಕರೆಯುವಷ್ಟು ಧೈರ್ಯ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಲ್ಲಾದರೂ ಉಪ್ಪು ಖಾರ ಹೆಚ್ಚಾದರೆ ಕ್ಷಮಿಸು, ಕೈ ಅಭ್ಯಾಸ.

ಚೀಟಿಯನ್ನು ನಾನು ಓದಲಿಲ್ಲ. ಓದಿದವಳು ಅದನ್ನು ಬೈಂಡಿನ ದಾರದ ಡಬ್ಬಿಯಲ್ಲಿಟ್ಟು, ಇಡೀ ಶನಿವಾರ ಕೂತು ಮೂರು ಪುಸ್ತಕಕ್ಕೆ ರಟ್ಟು ಹಾಕಿದಳು. ಭಾನುವಾರ ಬೆಳಿಗ್ಗೆ ಕೈ ಒರೆಸಿಕೊಂಡು ನನ್ನ ಮುಂದೆ ನಿಂತಳು. "ಕೊಡಿ ನಿಮ್ಮ ನಾಲ್ಕು ಪುಟ," ಎಂದಳು. ಕೊಟ್ಟೆ. ಓದುತ್ತಾಳೆ ಎಂದುಕೊಂಡೆ. ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಳು, ಅಷ್ಟೆ.

ಮೆಟ್ಟಿಲಿನ ಕೆಳಗೆ, ಸೈಕಲ್ಲು ನಿಲ್ಲಿಸುವಲ್ಲಿ, ಲಸಿಕೆಯವರ ಮೇಜು. ಸುತ್ತ ಜನ, ಕಂಕುಳಲ್ಲಿ ಮಕ್ಕಳು. ಮೇಜಿನ ಹತ್ತಿರ ಮಾತ್ರ ಯಾರೂ ಇಲ್ಲ. ನಾನು ವಿದ್ಯುತ್ ಮೀಟರುಗಳ ಕೋಣೆಯ ಬಾಗಿಲ ಮರೆಯಲ್ಲಿ. ಪಾತ್ರ ಅದಲುಬದಲು ನೋಡು, ಅವಳು ರಂಗದ ಮೇಲೆ, ನಾನು ಸೈಡ್‌ವಿಂಗ್‌ನಲ್ಲಿ. ಅವಳು ಮರೆತರೆ ತೋರಿಸಲೆಂದು ಪ್ರತಿ ವಾಕ್ಯದ ಮೊದಲ ಎರಡು ಮಾತನ್ನು ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದೆ. ಅದು ಅವಳದೇ ಪದ್ಧತಿ. ಪೂರ್ತಿ ವಾಕ್ಯ ಎಂದೂ ಕೊಡುತ್ತಿರಲಿಲ್ಲ, ಮೊದಲ ಎರಡು ಮಾತು ಕೊಟ್ಟು ಉಳಿದದ್ದನ್ನು ನಮ್ಮ ಮಾನಕ್ಕೆ ಬಿಡುತ್ತಿದ್ದಳು.

ಅವಳು ನಿಂತಳು. ಎಲ್ಲರೂ ನೋಡಿದರು. ಬಿಸಿಸುದ್ದಿಯವರು ಅವಳ ಎಡಭುಜದ ಹಿಂದೆ ನಿಂತಿದ್ದರು. ಕೇಳಿದರು, ನಿಮ್ಮ ಯಜಮಾನರ ಮಾತು ನಿಂತದ್ದು ಸೂಜಿಯಿಂದ ಹೌದೋ ಅಲ್ಲವೋ ಎಂದು. ಅವಳು ಸುಮ್ಮನೆ ನಿಂತಿದ್ದಳು. ಮತ್ತೆ ಕೇಳಿದರು, ಸ್ವಲ್ಪ ಜೋರಾಗಿ. ಮಾತಿಲ್ಲ. ಜನ ಮುಖ ಮುಖ ನೋಡಿಕೊಂಡರು. ನಾನು ಒಳಗಿನಿಂದ ರಟ್ಟು ಎತ್ತಿ ಹಿಡಿದೆ, 'ಮಹಾಜನಗಳೇ, ಕೇಳಿರಿ'. ಅವಳು ಈ ಕಡೆ ನೋಡಲಿಲ್ಲ. ಮೂರನೇ ಸಲ ಅವರು ಕೇಳಿದಾಗ ಬೇಕರಿಯವರ ಹೆಂಡತಿ ಕೂಸುಗಳನ್ನು ಎತ್ತಿಕೊಂಡು ಎದ್ದೇಬಿಟ್ಟಳು. ನನ್ನ ಬಾಯಿ ತೆರೆದಿತ್ತು ಮಗಳೇ. ಎದೆಯಲ್ಲಿ ಉಸಿರು ತುಂಬಿತ್ತು. ಇನ್ನೊಂದು ಕ್ಷಣ ಆಗಿದ್ದರೆ ಗುಡುಗುತ್ತಿದ್ದೆ.

ಅಷ್ಟರಲ್ಲಿ ಜನರ ಕಣ್ಣು ಹೋದ ಕಡೆಗೆ ಅವಳೂ ತಿರುಗಿದಳು. ಬಿಸಿಸುದ್ದಿಯವರ ತುಟಿ ಅಲ್ಲಾಡುತ್ತಿರುವುದನ್ನು ಕಂಡಳು.

"ನೀವು ಎಡಗಡೆ ನಿಂತು ಕೇಳ್ತಾ ಇದ್ದೀರಿ. ಆ ಕಿವಿ ನನಗೆ ಕೇಳಿಸಲ್ಲ. ಈ ಕಡೆ ಬಂದು ಕೇಳಿ," ಎಂದಳು.

ಅವರು ಸೈಕಲ್ಲುಗಳನ್ನು ಸುತ್ತಿಕೊಂಡು ಈ ಕಡೆಗೆ ಬಂದರು.

ಆಮೇಲೆ ಅವಳು ಹೇಳಿದಳು, ಮನೆಯಲ್ಲಿ ಹಾಲು ಉಕ್ಕಿತು ಎಂದು ಹೇಳುವ ಧ್ವನಿಯಲ್ಲೇ. ಐದನೇ ವಯಸ್ಸಿನಲ್ಲಿ ತನಗೆ ದಡಾರ ಬಂದದ್ದು, ಆಗ ತಮ್ಮ ಕಡೆ ಲಸಿಕೆ ಎಂಬುದೇ ಇರದಿದ್ದದ್ದು. ಚುಕ್ಕೆ ಮಾಯವಾಯಿತಂತೆ, ಜ್ವರ ಬಿಟ್ಟಿತಂತೆ, ಮನೆಯವರೆಲ್ಲ ಗೆದ್ದೆವು ಎಂದುಕೊಂಡ ಮೇಲೆ ಎಡಗಿವಿ ಸೋರಲು ಶುರುವಾಗಿ, ಸೋರುವುದು ನಿಂತಾಗ ಕೇಳಿಸುವುದೂ ನಿಂತಿತ್ತಂತೆ. "ಒಂದು ಕಿವಿಯಲ್ಲಿ ಬದುಕಬಹುದು, ಬದುಕಿದ್ದೀನಿ. ಆದ್ರೆ ಹಾಗೆ ಬದುಕೋ ಅವಶ್ಯಕತೆ ಈ ಮಕ್ಕಳಿಗೆ ಇಲ್ಲ," ಎಂದಳು. ನನ್ನ ಗಂಟಲಿನ ಬಗ್ಗೆ ಅವಳು ಹೇಳಿದ್ದು ಒಂದೇ ವಾಕ್ಯ. "ಇವರ ಮಾತು ಸೂಜಿಯಿಂದ ಹೋಗಿಲ್ಲ, ಮಾತಿನಿಂದಲೇ ಹೋಗಿದೆ." ಇಡೀ ಮೆಟ್ಟಿಲು ನಕ್ಕಿತು. ಮೂವತ್ತು ವರ್ಷದಲ್ಲಿ ನನಗೆ ಅಂಥ ನಗು ಒಂದು ಸಲವೂ ಸಿಕ್ಕಿಲ್ಲ.

ಬಿಸಿಸುದ್ದಿಯವರು ಈಗ ಬಲಗಡೆ ನಿಂತು, ಧ್ವನಿ ತಗ್ಗಿಸಿ ಕೇಳಿದರು.

"ನಿಮ್ಮ ಮಗಳಿಗೆ ಹಾಕಿಸಿದ್ರಾ ಅಮ್ಮ?"

"ಹಾಕಿಸದೆ? ಕೈ ಹಿಡಿದುಕೊಂಡು ನಾನೇ ಕೂತಿದ್ದೆ. ಈಗ ಅವಳೇ ಊರಿಗೆಲ್ಲ ಹಾಕ್ತಾಳೆ."

ಬೇಕರಿಯವರ ಹೆಂಡತಿ ಇನ್ನೂ ನಿಂತೇ ಇದ್ದಳು. ಅವಳಿಗೆ ಬೇರೆಯೇ ಅನುಮಾನ. ಒಂದೇ ಕಿವಿ ಇಟ್ಟುಕೊಂಡು ಈ ಗುಡುಗಿನ ಮನುಷ್ಯನನ್ನು ಯಾಕಮ್ಮ ಕಟ್ಟಿಕೊಂಡಿರಿ, ಇನ್ನೊಂದನ್ನೂ ಕಳಕೊಳ್ಳೋಕಾ, ಎಂದು ಕೇಳಿದಳು. ನಿನ್ನ ಅಮ್ಮ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಕಂಪನಿಯಲ್ಲಿ ಉಳಿದವರೆಲ್ಲರ ಮಾತೂ ನನಗೆ ಅರ್ಧ ಕೇಳಿಸ್ತಿತ್ತು, ಅರ್ಧ ಊಹೆ. ಇವರದೊಂದೇ ಪೂರ್ತಿ ಕೇಳಿಸ್ತಿದ್ದದ್ದು."

ನನ್ನ ಕೈಯಲ್ಲಿದ್ದ ರಟ್ಟುಗಳೆಲ್ಲ ಕೆಳಗೆ ಬಿದ್ದವು. ಸದ್ದಾಗದಿರಲೆಂದು ಮಫ್ಲರನ್ನು ಬಾಯಿಗೆ ತುರುಕಿಕೊಂಡೆ. ಮೀಟರುಗಳು ನನ್ನ ಸುತ್ತ ತಿರುಗುತ್ತಲೇ ಇದ್ದವು.

ಊಟಕ್ಕೆ ಕೂತರೆ ಸದಾ ನನ್ನ ಎಡಕ್ಕೇ ಕೂರುತ್ತಿದ್ದಳು, ಬಲಗಿವಿ ನನ್ನ ಕಡೆಗೆ. ಬಸ್ಸಿನಲ್ಲಿ ಕಿಟಕಿಗಾಗಿ ನಾನು ಹಟ ಮಾಡಿದಾಗಲೆಲ್ಲ ಜಾಗ ಬದಲಿಸಿ, ಆಮೇಲೆ ದಾರಿಯುದ್ದಕ್ಕೂ ಸುಮ್ಮನಿರುತ್ತಿದ್ದಳು. ಮುನಿಸು ಎಂದುಕೊಂಡಿದ್ದೆ. ಕಂಪನಿಯಲ್ಲಿ ಯಾವ ಊರಿನ ರಂಗಮಂದಿರವಾದರೂ ಒಂದೇ ಪಕ್ಕದ ವಿಂಗ್ ಬೇಕೆನ್ನುತ್ತಿದ್ದಳು. ಮೂಢನಂಬಿಕೆ ಎಂದು ಎಲ್ಲರೆದುರು ಗೇಲಿ ಮಾಡಿದ್ದೆ. ಆ ಸೈಕಲ್ ಬೆಲ್ಲು, ಆ ದಿಂಬುಗಳು. ನೀನು ಬಲಗಡೆ ಎಂದು ಎರಡು ಸಲ ಬರೆದಿದ್ದೆ.

ಮೊದಲು ಬೇಕರಿಯವರ ಅವಳಿಗಳಿಗೆ ಚುಚ್ಚಿದರು. ಒಂದು ಅತ್ತಿತು, ಇನ್ನೊಂದು ಅದು ಯಾಕೆ ಅಳುತ್ತಿದೆ ಎಂದು ನೋಡಿತು. ಆಮೇಲೆ ಸಾಲು. ಹತ್ತೊಂಬತ್ತನೆಯವಳು ಬಿಸಿಸುದ್ದಿಯವರ ಮೊಮ್ಮಗಳು. ಅವಳು ಅಳಲಿಲ್ಲ. ಅಜ್ಜನೇ ಕಣ್ಣು ಮುಚ್ಚಿಕೊಂಡಿದ್ದರು.

ನನ್ನ ನಾಲ್ಕು ಪುಟ ಏನಾಯಿತು ಎಂದು ಕೇಳುತ್ತೀಯ. ಮೇಜಿನ ಒಂದು ಕಾಲು ಗಿಡ್ಡವಿತ್ತು. ನಿನ್ನ ಅಮ್ಮ ಸುರುಳಿ ಬಿಚ್ಚಿ, ಮಡಚಿ ಅದರ ಕೆಳಗಿಟ್ಟಿದ್ದಳು. ಲಸಿಕೆ ಮುಗಿಯುವ ತನಕ ಮೇಜು ಅಲ್ಲಾಡಲಿಲ್ಲ.

ನಿನ್ನ ಅಪ್ಪ


ಜುಲೈ 4

ಅಪ್ಪ,

ನನಗೆ ಹನ್ನೊಂದನೇ ವಯಸ್ಸಿನಿಂದ ಗೊತ್ತು. ಅವಳ ಎಡಗಡೆ ಮಲಗಿ ಶಾಲೆಯ ಗುಟ್ಟೊಂದನ್ನು ಹೇಳಿದೆ. ಬಯ್ಗುಳ ಬೀಳುತ್ತದೆ ಎಂದು ಕಾದೆ, ಬೀಳಲಿಲ್ಲ. ಮಾರನೇ ದಿನವೂ ಹೇಳಿ ನೋಡಿದೆ. ಕೊನೆಗೆ ಕೇಳಿಯೇಬಿಟ್ಟೆ, ಅಪ್ಪನಿಗೆ ಹೇಳಬೇಡ ಎಂದು ಪ್ರಮಾಣ ಮಾಡಿಸಿದಳು. ಕಿವಿಯ ವಿಷಯ ತಿಳಿದರೆ ಪ್ರಾಂಪ್ಟರ್ ಕೆಲಸ ಹೋಗುತ್ತದೆ ಎಂದು ಮೊದಲು ಮುಚ್ಚಿಟ್ಟಳಂತೆ. ಕಂಪನಿ ಮುಚ್ಚಿದ ಮೇಲೆ ಯಾಕೆ ಹೇಳಲಿಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. "ಹೇಳೋಕೆ ನಿಮ್ಮಪ್ಪ ಸಂದು ಕೊಡಬೇಕಲ್ಲ," ಎಂದಳು.

ಚೀಟಿಯಲ್ಲಿ ಬರೆದದ್ದು ಒಂದೇ ಸಾಲು. ಪ್ರಮಾಣದಿಂದ ನನ್ನನ್ನು ಬಿಡಿಸು, ಇಲ್ಲವೇ ನೀನೇ ಹೇಳು.

ಇಲ್ಲಿ ಕೊನೆಯ ಹೊಸ ಚುಕ್ಕೆ ಕಾಣಿಸಿ ಹದಿಮೂರು ದಿನವಾಯಿತು. ಆ ಹದಿನಾಲ್ಕು ತಿಂಗಳ ಮಗು ನಿನ್ನೆ ನನ್ನ ಮೂಗು ಹಿಡಿದು ಎಳೆಯಿತು.

ಮಗಳು


ಜುಲೈ 7

ಮಗಳೇ,

ಬೆಲ್ಲು ಬಿಚ್ಚಿದೆ. ಮಂಚವನ್ನೇ ಆ ಗೋಡೆಯಿಂದ ಈ ಗೋಡೆಗೆ ಎಳೆದೆ. ಯಾಕೆ ಎಂದು ಅವಳು ಕೇಳಲಿಲ್ಲ, ಇನ್ನೊಂದು ತುದಿ ಹಿಡಿದುಕೊಂಡಳು.

ಇನ್ನು ಐದು ದಿನ.

ಅಪ್ಪ


ಜುಲೈ 15

ಮಗಳಿಗೆ,

ನಿಮ್ಮಪ್ಪನ ಹಾಗೆ ನನಗೆ ಬರೆಯಲು ಬರುವುದಿಲ್ಲ. ಈ ಸಲದ್ದನ್ನು ನೀನೇ ಬರೆ, ನನ್ನ ಕೈ ಓಡುತ್ತಿಲ್ಲ ಎಂದು ಅವರು ಪೆನ್ನು ಇಟ್ಟು ಹೋದರು. ಕೆಳಗೆ ಬಿಸಿಸುದ್ದಿಯವರ ಜೊತೆ ಪೇಪರು ನೋಡುತ್ತಿದ್ದಾರೆ. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ, ಮೊಬೈಲಿಗೆ ಬಂದದ್ದು ಪೇಪರಿನಲ್ಲಿ ಸಿಗುವ ತನಕ ಮೆಟ್ಟಿಲು ಹತ್ತಬಾರದು. ಮೊದಲ ದಿನವೇ ಅವರು ಎರಡು ಸಲ ಮುರಿದರು. ಆದರೂ ನಿನ್ನ ಆಫೀಸಿನ ಲಸಿಕೆ ಕಾಗದ ಇದ್ದರೆ ಐವತ್ತು ಪ್ರತಿ ಕಳಿಸಬೇಕಂತೆ, ಪಕ್ಕದ ಕಟ್ಟಡಕ್ಕೆ ತಾವೇ ಹಂಚುತ್ತಾರಂತೆ.

ನಲವತ್ತೆರಡು ದಿನ ಮನೆ ತಣ್ಣಗಿರುತ್ತದೆ ಎಂದು ಮೊದಲು ಖುಷಿಪಟ್ಟದ್ದು ನಿಜ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಇದ್ದ ಒಂದು ಕಿವಿಯೂ ಹೋದ ಹಾಗಾಯಿತು. ಇದನ್ನು ಅವರಿಗೆ ಓದಿ ಹೇಳಬೇಡ, ತಲೆ ಮೇಲೆ ಕೂರುತ್ತಾರೆ.

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಕನ್ನಡಿ ಹಾಕಿ ನೋಡಿ ಗಾಯ ಪೂರ್ತಿ ಮಾಗಿದೆ ಎಂದರು. ಮುಂದಿನ ವಾರದಿಂದ ದಿನಕ್ಕೆ ಅರ್ಧ ಗಂಟೆ ಮೈಕಿನಲ್ಲಿ ಕೂರಬಹುದಂತೆ, ಮೈಕು ಇರುವುದೇ ಕೂಗದೆ ಇರಲಿಕ್ಕೆ ಎಂದು ತಿಳಿದುಕೊಂಡರೆ. ನಿಲ್ದಾಣದ ಮ್ಯಾನೇಜರೂ ಒಪ್ಪಿದ್ದಾರೆ. ಈ ಕ್ಷಣಕ್ಕಾಗಿ ನಿಮ್ಮಪ್ಪ ಎರಡು ಪುಟದ ಮಾತು ತಯಾರು ಮಾಡಿದ್ದರು. ಎತ್ತಿಕೊಡಲೆಂದು ನನ್ನ ಚೀಲದಲ್ಲಿ ಹಾಕಿಸಿದ್ದರು.

ಈಗ ಏನಾದರೂ ಹೇಳಿ ನೋಡೋಣ, ಎಂದರು ಡಾಕ್ಟರು.

ನಿಮ್ಮಪ್ಪ ಬಾಯಿ ತೆರೆದರು. ಏನೂ ಬರಲಿಲ್ಲ. ಮರೆತರು ಎಂದುಕೊಂಡು ಅಭ್ಯಾಸಬಲದಿಂದ ಮೊದಲ ಎರಡು ಮಾತು ಕೊಟ್ಟೆ. ಬೇಡ ಎಂದು ತಲೆಯಾಡಿಸಿದರು. ಅಲ್ಲಿ ಕುರ್ಚಿ ಹಾಕಿದ್ದ ರೀತಿಗೆ ಅವರು ನನ್ನ ಎಡಗಡೆ ಬಂದಿದ್ದರು. ಎದ್ದರು. ಕುರ್ಚಿಯ ಹಿಂದಿನಿಂದ ಸುತ್ತು ಹಾಕಿ ಬಂದು ನನ್ನ ಬಲಗಡೆ ಮಂಡಿಯೂರಿ ಕೂತರು, ಈ ವಯಸ್ಸಿನಲ್ಲಿ, ಆ ಮಂಡಿ ಇಟ್ಟುಕೊಂಡು. ಆಮೇಲೆ ಮೆಲ್ಲಗೆ ಕೇಳಿದರು.

"ಕೇಳಿಸ್ತಾ?"

ಹೊಸ ಧ್ವನಿ. ಸ್ವಲ್ಪ ಸಣ್ಣದು, ತುದಿಯಲ್ಲಿ ಸ್ವಲ್ಪ ಒರಟು. ಮದುವೆಯಾದ ಮೇಲೆ ನನ್ನನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಡಾಕ್ಟರಿಗೆ ಮೇಜಿನ ಆ ಕಡೆಯಿಂದ ಏನೂ ಗೊತ್ತಾಗಲಿಲ್ಲ. "ಇನ್ನೂ ಸ್ವಲ್ಪ ಜೋರಾಗಿ ಹೇಳಿ," ಎಂದರು. ನಿಮ್ಮಪ್ಪನಿಗೆ ಜನ್ಮದಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ.

"ಬೇಡ ಡಾಕ್ಟ್ರೇ, ಕೇಳಿಸ್ತು," ಎಂದೆ.

ನಿನ್ನ,
ಅಮ್ಮ